ನಿರಾಶ್ರಿತರಲ್ಲೂ ಹೆಣ್ಣು-ಗಂಡೆಂಬ ಲೆಕ್ಕವೇಕೆ? (ಸಂಪಾದಕರ ಉತ್ತರ)

ಕಳೆದ ಸಂಚಿಕೆಯ ನಿರಾಶ್ರಿತರ ಕುರಿತ ಲೇಖನವನ್ನು ಓದಿದ ರಾಣೆಬೆನ್ನೂರಿನ ಓದುಗರೊಬ್ಬರು, ‘ಮನೆಮಠ ಕಳೆದುಕೊಂಡವರ ಸಂಕಟದಲ್ಲೂ ಹೆಣ್ಣು-ಗಂಡೆಂದು ಭೇದ ಎಣಿಸಬೇಕೇ? ಮುಂಡಗೋಡದ ಟಿಬೆಟಿಯನ್ನರು ಇಡೀ ಸಮುದಾಯವಾಗಿ ಬಂದು ನೆಲೆ ನಿಲ್ಲಲಿಲ್ಲವೇ?’ ಎಂದು ಕೇಳಿದ್ದಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಚಳಿಗಾಲಕ್ಕೆ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರನ್ನು ನೋಡುತ್ತಲೇ ಬೆಳೆದ ನಮ್ಮ ಭಾಗದವರಿಗೆ ಈ ಪ್ರಶ್ನೆ ಸಹಜವಾದದ್ದು.

ಯುದ್ಧ ಎಲ್ಲರನ್ನೂ ಓಡಿಸುತ್ತದೆ, ಆದರೆ ಒಂದೇ ದಾರಿಯಲ್ಲಿ ಓಡಿಸುವುದಿಲ್ಲ. 2022ರಲ್ಲಿ ಉಕ್ರೇನ್ 18ರಿಂದ 60 ವರ್ಷದ ಗಂಡಸರು ದೇಶ ಬಿಡದಂತೆ ತಡೆದಾಗ, ಕೆಲವು ವಿನಾಯಿತಿಗಳಿದ್ದರೂ, ಗಡಿ ದಾಟಿದವರಲ್ಲಿ ಹೆಚ್ಚಿನವರು ಮಕ್ಕಳನ್ನು ಕಟ್ಟಿಕೊಂಡ ಹೆಂಗಸರೇ ಆಗಿದ್ದರು. ಅಲ್ಲಿ ಗಂಡಸಿಗೆ ದಾರಿಯೇ ಮುಚ್ಚಿತು, ಹೆಂಗಸಿನ ಮೇಲೆ ದಾರಿಯ ಹೊಣೆಯೆಲ್ಲ ಬಿತ್ತು. ಎರಡೂ ಲಿಂಗದ ಕಾರಣಕ್ಕೇ ಬಂದ ಕಷ್ಟಗಳು.

2017ರ ಆಗಸ್ಟ್‌ನಿಂದ ರೋಹಿಂಗ್ಯಾ ಎಂಬ ಅಲ್ಪಸಂಖ್ಯಾತ ಸಮುದಾಯದ ಏಳು ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರಿನಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದರು. ಮೊದಲ ತಿಂಗಳುಗಳಲ್ಲಿ ಪಡಿತರದ ಅಕ್ಕಿ, ಬೇಳೆ ಸಿಗುತ್ತಿದ್ದರೂ ಅವನ್ನು ಬೇಯಿಸಲು ಉರುವಲು ಸಾಲುತ್ತಿರಲಿಲ್ಲ. ಕಟ್ಟಿಗೆಗೆಂದು ಕಾಡಿಗೆ ಹೋದ ಹೆಂಗಸರು, ಮಕ್ಕಳು ದಾಳಿಯ ಭಯದಲ್ಲೇ ಹೊರೆ ಹೊತ್ತು ಮರಳಬೇಕಿತ್ತು. ಕತ್ತಲಲ್ಲಿ ಶೌಚಾಲಯಕ್ಕೆ ಹೋಗಲು ಹೆದರಿ ಎಷ್ಟೋ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. 2018ರಿಂದ ಗ್ಯಾಸ್ ಸಿಲಿಂಡರ್, ಒಲೆ ಹಂಚಿದ ಮೇಲೆ ಕಾಡಿನ ಓಡಾಟ ಬಹಳ ಮಟ್ಟಿಗೆ ತಗ್ಗಿತು. ಇದನ್ನು ಹೆಣ್ಣಿನ ದೌರ್ಬಲ್ಯವೆನ್ನಲು ನಾನು ಖಂಡಿತ ಒಪ್ಪಲಾರೆ. ದೀಪ, ಚಿಲಕ, ಉರುವಲು ಇಲ್ಲದಿರುವುದು ಶಿಬಿರದ ಏರ್ಪಾಡಿನ ಕೊರತೆ.

ನೆಲೆ ನಿಲ್ಲುವಾಗ ಕಾಗದಪತ್ರ ಇನ್ನೊಂದು ಗೋಡೆಯಾಗುತ್ತದೆ. ಸಿರಿಯಾದ ಕಾನೂನಿನಲ್ಲಿ ಮಕ್ಕಳಿಗೆ ಪೌರತ್ವ ಮುಖ್ಯವಾಗಿ ತಂದೆಯಿಂದ ಬರುವುದರಿಂದ, ಗಂಡ ಸತ್ತ ಅಥವಾ ಕಾಣೆಯಾದ ತಾಯಿಯ ಕೂಸು ಪರದೇಶದಲ್ಲಿ ಹುಟ್ಟಿದರೆ ಅದು ಯಾವ ದೇಶಕ್ಕೂ ಸೇರದೆ ಉಳಿಯುವ ಅಪಾಯವಿದೆ. ಯಾವ ಕಾರಣಕ್ಕೆ ಕಿರುಕುಳದ ಭಯವಿದ್ದವರನ್ನು ನಿರಾಶ್ರಿತರೆನ್ನಬೇಕು ಎಂದು 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದ ಎಣಿಸುವ ಐದು ಕಾರಣಗಳಲ್ಲಿಯೂ ಲಿಂಗದ ಹೆಸರಿಲ್ಲ. ನಮ್ಮ ದೇಶವಂತೂ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ.

ಇನ್ನು ಮುಂಡಗೋಡ. 1966ರಲ್ಲಿ ಆರಂಭವಾದ ಆ ವಸಾಹತಿನಲ್ಲಿ ಜಮೀನು, ಮನೆ ಕೊಟ್ಟು ಜನರನ್ನು ಒಟ್ಟಾಗಿ ನೆಲೆಗೊಳಿಸಿದ್ದು ದೊಡ್ಡ ಕೆಲಸ. ಆದರೆ ಅದಕ್ಕೂ ಮೊದಲು ಹಿಮಾಲಯದ ಸೆರಗಿನಲ್ಲಿ ಟಿಬೆಟಿಯನ್ ಗಂಡಸರ ಜೊತೆ ಹೆಂಗಸರೂ ರಸ್ತೆ ಕೆಲಸಕ್ಕೆ ಕಲ್ಲು ಒಡೆಯುತ್ತಿದ್ದಾಗ, ಅವರ ಮಕ್ಕಳನ್ನು ನೋಡಿಕೊಳ್ಳುವವರೇ ಇರಲಿಲ್ಲ. 1960ರ ಮೇ ತಿಂಗಳಲ್ಲಿ ಅಂಥ ಶಿಬಿರಗಳಿಂದ ಬಂದ 51 ಮಕ್ಕಳಿಗಾಗಿ ಹಿಮಾಚಲ ಪ್ರದೇಶದ ಧರ್ಮಶಾಲಾ ಊರಿನಲ್ಲಿ ಶಿಶುವಿಹಾರ ತೆರೆಯಿತು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅದರ ಹೊಣೆ ಹೊತ್ತರು. ತಾವು ಹೇಳುವ ‘ಇಡೀ ಸಮುದಾಯ’ ಉಳಿದುಕೊಂಡದ್ದರಲ್ಲಿ ಆ ಹೆಣ್ಣುಮಕ್ಕಳ ದುಡಿಮೆಯ ಪಾಲೂ ಇದೆ.