ಕೊಡಗಿನಲ್ಲೇ ಉಳಿದು ಡಿಜಿಟಲ್ ಚಿತ್ರ ಮತ್ತು ಕಾಮಿಕ್ಸ್ ಕೆಲಸದಿಂದ ಬದುಕಲು ಸಾಧ್ಯವೇ?

ನೀವು ಕೇಳಿರುವುದು ಸಂಕ್ಷೇಪವಾಗಿ ಇಷ್ಟು: ಸೋಮವಾರಪೇಟೆಯ ಬಳಿ ಮನೆ, ಪದವಿ ಮುಗಿಯುತ್ತಾ ಬಂದಿದೆ, ಎರಡು ವರ್ಷಗಳಿಂದ ಪೆನ್ ಟ್ಯಾಬ್ಲೆಟ್‌ನಲ್ಲಿ ಚಿತ್ರ ಬರೆಯುತ್ತಿದ್ದೀರಿ, ಕಾಮಿಕ್ಸ್ ಮಾಡಬೇಕೆಂಬ ಆಸೆಯಿದೆ, ಮನೆಯವರು ಬೆಂಗಳೂರಿಗೆ ಹೋಗಿ ಕೆಲಸ ಹುಡುಕು ಎನ್ನುತ್ತಿದ್ದಾರೆ, ಕೊಡಗಿನಲ್ಲೇ ಉಳಿದು, ಇಲ್ಲಿಯ ಕಲಾವಿದರ ನಡುವೆ ಈ ಕೆಲಸದಿಂದ ಬದುಕಬಹುದೇ? ಮಡಿಕೇರಿಯಲ್ಲಿ ಹನ್ನೊಂದು ವರ್ಷಗಳಿಂದ ಇದೇ ಕೆಲಸದಿಂದ ಸಂಸಾರ ನಡೆಸುತ್ತಿರುವ ನಾನು ಬದುಕಬಹುದು ಎಂದೇ ಹೇಳುತ್ತೇನೆ. ಆದರೆ ಕಾಮಿಕ್ಸ್ ಒಂದನ್ನೇ ನಂಬಿಕೊಂಡು ಬದುಕುವುದು ಸಾಧ್ಯವಿಲ್ಲ. ಇಲ್ಲಿಯ ಕಲಾವಿದರ ಬಳಗವೂ ನೀವು ಊಹಿಸಿಕೊಂಡಿರುವ ರೂಪದಲ್ಲಿ ಸಿಗಲಾರದು.

ಮೊದಲು ಹಣದ ಮಾತು. ನನ್ನ ವರ್ಷದ ಗಳಿಕೆಯಲ್ಲಿ ಕಾಮಿಕ್ಸ್‌ನ ಪಾಲು ಐದರಲ್ಲೊಂದು ಭಾಗವನ್ನು ದಾಟಿದ್ದು ಒಂದೇ ಒಂದು ವರ್ಷ. ಉಳಿದದ್ದೆಲ್ಲ ಕಾಫಿಪುಡಿ ಮತ್ತು ಜೇನಿನ ಪೊಟ್ಟಣಗಳ ಚಿತ್ರ, ಹೋಮ್‌ಸ್ಟೇಗಳಿಗೆ ತೋಟದ ನಕ್ಷೆ, ಮದುವೆಯ ಕರೆಯೋಲೆ, ಬೆಂಗಳೂರಿನ ಪ್ರಕಾಶಕರಿಗೆ ಮಕ್ಕಳ ಪುಸ್ತಕದ ಚಿತ್ರ ಇವುಗಳಿಂದ ಬರುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಪ್ರತಿ ಬಾರಿಯೂ ಒಂದೊಂದು ಒಕ್ಕ, ಅಂದರೆ ಮನೆತನ, ನಡೆಸಿಕೊಡುತ್ತದೆ. ಅದೇ ಮಾದರಿಯಲ್ಲಿ ಬೇರೆ ಸಮುದಾಯದವರೂ ಕ್ರೀಡಾಕೂಟಗಳನ್ನು ನಡೆಸುತ್ತಾರೆ. ಇಂತಹ ಕೂಟಗಳಿಗೆಲ್ಲ ಲಾಂಛನ, ಪೋಸ್ಟರ್, ಸ್ಮರಣ ಸಂಚಿಕೆಯ ಮುಖಪುಟ ಬೇಕಾಗುತ್ತವೆ, ಮತ್ತು ಅದನ್ನು ಬರೆಯುವವರು ತಮ್ಮ ಜನ, ತಮ್ಮ ಊರು ಬಲ್ಲವರಾಗಿರಲಿ ಎಂದು ಬಯಸುವವರು ಬಹಳ ಮಂದಿ ಇದ್ದಾರೆ.

ಈ ಕೆಲಸಗಳಿಗೆ ಋತುವಿದೆ ಎಂಬುದನ್ನು ನಾನು ತಡವಾಗಿ ಅರಿತೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಫಸಲಿನ ಹಣ ಕೈಸೇರಿದ ಮೇಲೆ ಬೇಸಿಗೆಯಲ್ಲಿ ಮದುವೆ ಮತ್ತು ಪಂದ್ಯಗಳ ಕೆಲಸ ಒಟ್ಟಿಗೇ ಬಂದು ಬೀಳುತ್ತದೆ, ಜೂನ್ ಹಿಡಿದ ಮೇಲೆ ದೂರವಾಣಿ ಮೌನವಾಗುತ್ತದೆ. ಆ ಮಳೆಯ ತಿಂಗಳುಗಳನ್ನೇ ನಾನು ಕಾಮಿಕ್ಸ್‌ಗೆ ಮೀಸಲಿಟ್ಟಿದ್ದೇನೆ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲವಾದ್ದರಿಂದ ಇಡೀ ಕಥೆಯ ಪುಟವಿನ್ಯಾಸವನ್ನು ಮೊದಲು ಪೆನ್ಸಿಲ್‌ನಲ್ಲಿ ಕಾಗದದ ಮೇಲೆ ಮುಗಿಸಿಕೊಂಡು, ಕರೆಂಟ್ ಇದ್ದಾಗ ಮಾತ್ರ ಪರದೆಯ ಮುಂದೆ ಕೂರುತ್ತೇನೆ.

ಈಗ ಬಳಗದ ವಿಷಯ. ಗ್ಯಾಲರಿ, ವಾರದ ಸಭೆ, ಪದಾಧಿಕಾರಿಗಳು ಇರುವ ಸಂಘವನ್ನು ನಾನೂ ಮೊದಲ ಎರಡು ವರ್ಷ ಹುಡುಕಿದೆ, ಸಿಗಲಿಲ್ಲ. ನನಗೆ ಗುರುಗಳು ಸಿಕ್ಕಿದ್ದು ದಸರಾ ಮಂಟಪದ, ಅಂದರೆ ಅಲುಗುವ ಮೂರ್ತಿಗಳಿಂದ ಪುರಾಣದ ಕಥೆ ಹೇಳುವ ಮೆರವಣಿಗೆಯ ವಾಹನದ ಶೆಡ್ಡಿನಲ್ಲಿ. ಮಡಿಕೇರಿ ದಸರಾದಲ್ಲಿ ನಾಲ್ಕು ಶಕ್ತಿದೇವತೆಗಳ ಕರಗಗಳ ಜೊತೆಗೆ ಹತ್ತು ದೇವಾಲಯಗಳ ಮಂಟಪಗಳು ವಿಜಯದಶಮಿಯ ರಾತ್ರಿ ಹೊರಡುವುದನ್ನು ನೀವು ಚಿಕ್ಕಂದಿನಿಂದ ನೋಡಿರುತ್ತೀರಿ. ಮುಂದಿನ ಬಾರಿ ಅದನ್ನು ಕಾಮಿಕ್ಸ್ ಕಲಿಯುವವರ ಕಣ್ಣಿನಿಂದ ನೋಡಿ. ಒಂದು ಪೌರಾಣಿಕ ಕಥೆಯನ್ನು ಎಷ್ಟು ಘಟ್ಟಗಳಾಗಿ ಒಡೆಯಬೇಕು, ಯಾವ ಮೂರ್ತಿ ಮೊದಲು ಅಲುಗಬೇಕು, ಅಸುರ ಎದ್ದು ನಿಂತಾಗ ದೇವಿ ಎಲ್ಲಿರಬೇಕು, ಗುಂಪಿನ ಹಿಂದೆ ನಿಂತ ಮಗುವಿಗೂ ಯಾವುದು ಕಾಣಬೇಕು ಎಂದು ಆ ಸಮಿತಿಗಳವರು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಕಾಮಿಕ್ಸ್ ಪುಟದ ಚೌಕಗಳಾದ ಪ್ಯಾನೆಲ್‌ಗಳನ್ನು ಜೋಡಿಸುವ ಕೆಲಸವೂ ಅದೇ ತಾನೇ? ಒಂದು ಮಂಟಪಕ್ಕೆ ಕರಡು ಚಿತ್ರ ಬರೆದುಕೊಡಲು ಹೋದ ನನಗೆ ಅಲ್ಲಿಯ ಹಿರಿಯ ವೆಲ್ಡರ್ ಒಬ್ಬರು, “ಇಲ್ಲಿ ಎರಡು ಮೂರ್ತಿ ಒಟ್ಟಿಗೆ ಅಲುಗಿದರೆ ಜನ ಎರಡನ್ನೂ ನೋಡುವುದಿಲ್ಲ ಮಾರಾಯ” ಎಂದು ಹೇಳಿದ ಮಾತನ್ನು ನಾನು ಇಂದಿಗೂ ಪ್ರತಿ ಪುಟದಲ್ಲಿ ಪಾಲಿಸುತ್ತೇನೆ. ಬ್ಯಾನರ್ ಬರೆಯುತ್ತಿದ್ದವರು, ಶಾಲೆಯ ಚಿತ್ರಕಲಾ ಶಿಕ್ಷಕರು, ಥರ್ಮಾಕೋಲ್ ಕೊರೆಯುವವರು, ಮದುವೆ ಫೋಟೋ ತೆಗೆಯುವವರು, ಇವರೇ ನನ್ನ ಬಳಗ. ನನ್ನ ಪುಟಗಳನ್ನು ಇವರಷ್ಟು ಶ್ರದ್ಧೆಯಿಂದ ಓದಿ ತಪ್ಪು ತೋರಿಸಿದವರು ಬೇರೆ ಯಾರೂ ಇಲ್ಲ.

ಇಲ್ಲಿ ಉಳಿಯುವುದರ ನಿಜವಾದ ಲಾಭವೂ ಅದೇ, ಕಷ್ಟವೂ ಅದೇ. ದೂರದ ಓದುಗರು ಕೊಡಗು ಎಂದರೆ ಮಂಜು, ಕಾಫಿ ಹೂವು, ಕುಪ್ಯಚೇಲೆ (ಕೊಡವರ ನಿಲುವಂಗಿ ಮತ್ತು ಸೊಂಟಪಟ್ಟಿ) ತೊಟ್ಟ ಒಬ್ಬ ಮೀಸೆಯ ಗಂಡಸು ಎಂದುಕೊಳ್ಳುತ್ತಾರೆ. ಹತ್ತಿರದ ಓದುಗರು ಪೀಚೆಕತ್ತಿ ಎಂಬ ಕಿರುಗತ್ತಿ ಚೇಲೆಯ ಮುಂಭಾಗದಲ್ಲಿದೆಯೇ, ಒಡಿಕತ್ತಿ ಎಂಬ ಅಗಲ ಕತ್ತಿ ಬೆನ್ನಿಗಿದೆಯೇ, ಸೀರೆಯ ನೆರಿಗೆ ಹಿಂದಕ್ಕೆ ಬಂದಿದೆಯೇ, ಮದುಮಗನ ಕುಪ್ಯ ಬಿಳಿಯದೇ ಎಂದು ನೋಡುತ್ತಾರೆ. ನನ್ನ ಮೊದಲ ಕಥೆಯಲ್ಲಿ ಮದುಮಗನಿಗೆ ಕಪ್ಪು ಕುಪ್ಯ ತೊಡಿಸಿಬಿಟ್ಟಿದ್ದೆ. ನೆರೆಮನೆಯ ಅಜ್ಜಿ ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಟ್ಟರು, ಮುಂದಕ್ಕೆ ಓದಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬೆಟ್ಟಗಳು ಕುಸಿದ ಮೇಲೆ, ಎರಡು ಮಳೆಗಾಲ ಕಳೆಯುವವರೆಗೆ ನಾನು ಅದರ ಬಗ್ಗೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಆನಂತರ ಹದಿನಾರು ಪುಟ ಬರೆದು, ಮನೆ ಕಳೆದುಕೊಂಡ ಒಬ್ಬ ರೈತರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, “ಮರಗಳನ್ನು ಬೀಳಿಸಿದ್ದೀರಿ. ನಮ್ಮ ಮರಗಳು ಬೀಳಲಿಲ್ಲ, ನಿಂತ ಹಾಗೆಯೇ ಕೆಳಗೆ ಹೋದವು” ಎಂದರು. ಆ ಪುಟವನ್ನು ಅಳಿಸಿ ಮತ್ತೆ ಬರೆದೆ. ಬೆಂಗಳೂರಿನ ಕೋಣೆಯಲ್ಲಿ ಕೂತಿದ್ದರೆ ಬಿದ್ದ ಮರಗಳೇ ಅಚ್ಚಾಗುತ್ತಿದ್ದವು, ಮತ್ತು ಅದು ತಪ್ಪು ಎಂದು ನನಗೆ ಹೇಳುವವರು ಯಾರೂ ಇರುತ್ತಿರಲಿಲ್ಲ.

ಭಾಷೆಯ ಬಗ್ಗೆಯೂ ಆರಂಭದಲ್ಲೇ ಯೋಚಿಸಿ. ನಿಮ್ಮ ಪಾತ್ರಗಳು ಮನೆಯಲ್ಲಿ ಅರೆಭಾಷೆಯನ್ನೋ ಕೊಡವ ತಕ್ಕನ್ನೋ ಆಡುವವರಾದರೆ ಅವರ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ತುರುಕಬೇಡಿ. ಕಥನದ ಸಾಲು ಕನ್ನಡದಲ್ಲಿರಲಿ, ಮಾತು ಆಯಾ ನುಡಿಯಲ್ಲಿರಲಿ, ಮತ್ತು ಆ ನುಡಿಯನ್ನು ಆಡುವವರಿಂದ ಒಮ್ಮೆ ಓದಿಸಿ. ಅಕ್ಷರ ಜೋಡಣೆಯಲ್ಲಿ ಒಂದು ತೊಡಕಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷ್ ಮಾತಿಗೆ ಅಳೆದ ಬಲೂನಿನಲ್ಲಿ ಕನ್ನಡ ಕೂರುವುದಿಲ್ಲ. ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು, ಹಾಗಾಗಿ ಬಲೂನುಗಳನ್ನು ಮೊದಲು ಬರೆದು ಅನಂತರ ಮುಖಗಳನ್ನು ಕೂರಿಸುವುದು ಒಳ್ಳೆಯದು. ಹಳೆಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಚದುರಿ ಬಂದರೆ ಅಕ್ಷರದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ವಿನ್ಯಾಸವನ್ನು ಆರಿಸಿಕೊಳ್ಳಬೇಕು. ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದಿದ್ದರೆ ಚಿತ್ರಕ್ಕೆ ಕ್ರಿತಾ, ಅಕ್ಷರಕ್ಕೆ ಇಂಕ್‌ಸ್ಕೇಪ್ ಸಾಕು, ಎರಡೂ ಉಚಿತ. ನನ್ನ ಮೊದಲ ಮೂರು ಪುಸ್ತಕಗಳು ಹುಟ್ಟಿದ್ದು ಅವುಗಳಲ್ಲೇ.

ಬಣ್ಣದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಸಂಕಟವಿದೆ. ಜುಲೈ ತಿಂಗಳ ಗದ್ದೆಯ ನಾಟಿಯ ಹಸಿರು ಪರದೆಯ ಮೇಲೆ ಅದ್ಭುತವಾಗಿ ಬರುತ್ತದೆ, ಏಕೆಂದರೆ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ. ಮುದ್ರಣಾಲಯದ ನಾಲ್ಕು ಶಾಯಿಗಳಿಗೆ ಅಷ್ಟು ಉಜ್ವಲವಾದ ಹಸಿರನ್ನು ಕೊಡುವ ಶಕ್ತಿಯಿಲ್ಲ, ಅಚ್ಚಾದಾಗ ಅದು ಒಣಗಿದ ಸೊಪ್ಪಿನಂತೆ ಕಾಣುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದುಸೊಪ್ಪಿನ ಪಾಯಸದ ನೇರಳೆಗೂ ಇದೇ ಗತಿಯಾಯಿತು. ಮುದ್ರಣಕ್ಕಾಗಿ ಮಾಡುವ ಪುಟವನ್ನು ಆರಂಭದಿಂದಲೇ ಆ ನಾಲ್ಕು ಶಾಯಿಗಳ ಮಿತಿಯಲ್ಲಿ ನೋಡುತ್ತಾ ಬಣ್ಣ ಹಚ್ಚಿ, ಹಸಿರನ್ನು ಹೊಳೆಯಿಸುವ ಬದಲು ಪಕ್ಕದಲ್ಲಿ ಕೆಮ್ಮಣ್ಣಿನ ಬಣ್ಣವಿಟ್ಟು ಅದು ಎದ್ದು ಕಾಣುವಂತೆ ಮಾಡಿ.

ಒಪ್ಪಂದದ ಬಗ್ಗೆ ನಾನು ಪೆಟ್ಟು ತಿಂದೇ ಕಲಿತೆ. ಒಂದು ಅತಿಥಿಗೃಹದವರಿಗೆ ಗೋಡೆಯ ಮೇಲೆ ಹಾಕಲೆಂದು ಬರೆದುಕೊಟ್ಟ ಚಿತ್ರ ಮರುವರ್ಷ ಅವರ ಕಾಫಿ ಲೋಟಗಳ ಮೇಲೆ, ಚೀಲಗಳ ಮೇಲೆ ಮಾರಾಟವಾಗುತ್ತಿತ್ತು. ಕೇಳಿದಾಗ ಹಣ ಕೊಟ್ಟಾಗಿದೆಯಲ್ಲ ಎಂದರು, ನನ್ನ ಬಳಿ ತೋರಿಸಲು ಒಂದು ಕಾಗದವೂ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಕೃತಿಯ ಮೊದಲ ಹಕ್ಕುದಾರ ಅದನ್ನು ರಚಿಸಿದವನೇ. ಆದರೆ ಹಣ ಪಡೆದು ಬೇರೊಬ್ಬರ ಕೋರಿಕೆಯಂತೆ ಬರೆದ ವರ್ಣಚಿತ್ರ ಅಥವಾ ಭಾವಚಿತ್ರದ ವಿಷಯದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ಬರೆಸಿದವರಿಗೆ ಸೇರುತ್ತದೆ. 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಸಹಿ ಇರಲೇಬೇಕು, ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ. ಆದ್ದರಿಂದ ಯಾವುದಕ್ಕೆ ಬಳಕೆ, ಎಷ್ಟು ಕಾಲ, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು ಎರಡೂ ಕಡೆಯ ಸಹಿ ಹಾಕಿಸಿಕೊಳ್ಳಿ. ಪರಿಚಯದವರ ಬಳಿ ಸಹಿ ಕೇಳಲು ನಮ್ಮ ಊರುಗಳಲ್ಲಿ ಬಹಳ ಸಂಕೋಚವಾಗುತ್ತದೆ, ನನಗೂ ಆಗುತ್ತದೆ. ಆದರೂ ಅರ್ಧ ಹಣ ಮುಂಗಡವಾಗಿ ಬಾರದೆ ನಾನು ಈಗ ಕೆಲಸ ಆರಂಭಿಸುವುದಿಲ್ಲ.

ಬೆಂಗಳೂರನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ನಡೆಸುವ ಚಿತ್ರಸಂತೆಗೆ ಒಮ್ಮೆಯಾದರೂ ಮಳಿಗೆ ಪಡೆದು ಹೋಗಿ, ಕಾಮಿಕ್ಸ್ ಮೇಳವಾದ ಕಾಮಿಕ್ ಕಾನ್‌ನಲ್ಲಿ ಬೇರೆಯವರು ತಮ್ಮ ಪುಸ್ತಕಗಳನ್ನು ಹೇಗೆ ಮಾರುತ್ತಾರೆಂದು ನೋಡಿ, ಎಂ.ಜಿ. ರಸ್ತೆಯ ಬಳಿ ಇರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯಲ್ಲಿ ಅರ್ಧ ದಿನ ಕಳೆಯಿರಿ. ಕ್ರಮಬದ್ಧ ಕಲಿಕೆ ಬೇಕೆನಿಸಿದರೆ ಮೈಸೂರಿನ ದೃಶ್ಯಕಲಾ ಕಾಲೇಜಾದ ಕಾವಾ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿದೆ. ಮನೆಯವರಿಗೆ ಒಂದು ವರ್ಷದ ಗಡುವು ಕೇಳಿ, ಬಂದ ಹಣವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು ಅವರಿಗೆ ತೋರಿಸಿ. ನನ್ನ ಅಪ್ಪ ಒಪ್ಪಿದ್ದು ಚಿತ್ರ ನೋಡಿ ಅಲ್ಲ, ಆ ಲೆಕ್ಕದ ಪುಸ್ತಕ ನೋಡಿ.

ಮೊದಲ ಪುಸ್ತಕಕ್ಕೆ ದೊಡ್ಡ ಪುರಾಣವನ್ನು ಎತ್ತಿಕೊಳ್ಳಬೇಡಿ. ನಿಮ್ಮ ಊರಿನ ಸೋಮವಾರದ ಸಂತೆಯನ್ನು ತೆಗೆದುಕೊಳ್ಳಿ, ಒಬ್ಬ ವ್ಯಾಪಾರಿ, ಒಂದು ದಿನ, ಎಂಟು ಪುಟ, ಕಪ್ಪು ಬಿಳುಪು. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕದ ಪುಟಸಂಖ್ಯೆ ನಾಲ್ಕರ ಗುಣಕವಾಗಿರಬೇಕಾದ್ದರಿಂದ ಎಂಟು ಸರಿಹೊಂದುತ್ತದೆ. ಪುಟವನ್ನು 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ತೆರೆದು, ಕತ್ತರಿಸುವ ಅಂಚಿಗೆ ಸುತ್ತಲೂ 3 ಮಿಲಿಮೀಟರ್ ಬಿಡಿ. ಐವತ್ತು ಪ್ರತಿ ಸಾಕು, ಮೊದಲನೆಯದನ್ನು ಆ ವ್ಯಾಪಾರಿಗೇ ಕೊಡಿ. ಮೇ ಮುಗಿಯುವುದರೊಳಗೆ ಅಚ್ಚು ಹಾಕಿಸಿ, ಜೂನ್ ನಂತರ ನಮ್ಮ ಕಡೆ ಕಾಗದ ತೇವ ಹೀರಿ ಅಂಚುಗಳು ಸುರುಳಿಕೊಳ್ಳುತ್ತವೆ.