ಸಾಹಿತ್ಯ, ಇತಿಹಾಸ ಓದಿದಷ್ಟೂ ‘ನಾನು ಯಾರು’ ಎಂಬ ಗೊಂದಲ ಹೆಚ್ಚುತ್ತಿದೆ. ಇದು ಸಹಜವೇ?

‘ಒಂಬತ್ತನೆಯ ತರಗತಿಯಲ್ಲಿದ್ದೇನೆ, ಕಥೆ ಮತ್ತು ಇತಿಹಾಸದ ಪುಸ್ತಕಗಳನ್ನು ಓದುತ್ತಾ ಹೋದಂತೆ ನನ್ನ ಬಗ್ಗೆ ನನಗಿದ್ದ ಖಚಿತತೆ ಕರಗುತ್ತಿದೆ’ ಎಂದು ನೀವು ಬರೆದಿದ್ದೀರಿ. ನಾನು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ನಿಮಗಿಂತ ಒಂದೇ ವರ್ಷ ದೊಡ್ಡವಳಾದ್ದರಿಂದ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಆದರೆ ಇದೇ ಪ್ರಶ್ನೆ ನನ್ನನ್ನೂ ಬಿಡದೆ ಕಾಡಿದೆ, ಹಾಗಾಗಿ ಉತ್ತರಿಸುತ್ತಿದ್ದೇನೆ. ಗೊಂದಲ ಸಹಜ. ಅದಕ್ಕೆ ಹೆದರಿ ಓದು ನಿಲ್ಲಿಸಬೇಡಿ.

ಇತಿಹಾಸದ ಪಾಠ ನಡೆಯುವಾಗ ‘ನಮ್ಮವರು’ ಎಂಬ ಮಾತು ತರಗತಿಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ, ಗಮನಿಸಿದ್ದೀರಾ? ನಮ್ಮವರು ಗೆದ್ದರು, ನಮ್ಮವರು ಸೋತರು, ನಮ್ಮ ಮೇಲೆ ದಂಡೆತ್ತಿ ಬಂದರು. ಕಳಿಂಗ ಯುದ್ಧಕ್ಕೆ ಬಂದಾಗ ನನಗೆ ಆ ಮಾತು ಬಾಯಿಗೆ ಬರಲಿಲ್ಲ. ಅಲ್ಲಿ ನಮ್ಮವರು ಯಾರು? ಗೆದ್ದ ಅಶೋಕನೋ, ಸತ್ತ ಕಳಿಂಗದವರೋ? ಅಶೋಕನೇ ತನ್ನ 13ನೆಯ ಬಂಡೆಶಾಸನದಲ್ಲಿ ಲೆಕ್ಕ ಕೊಟ್ಟಿದ್ದಾನೆ: ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಇನ್ನೂ ಎಷ್ಟೋ ಪಟ್ಟು ಜನ ನಾಶವಾದರು. ಅದಕ್ಕಾಗಿ ತಾನು ದುಃಖಪಡುತ್ತಿರುವುದಾಗಿಯೂ ಹೇಳಿದ್ದಾನೆ. ಆದರೆ ಆ ಶಾಸನದಲ್ಲಿ ಸತ್ತವರ ಒಂದು ಹೆಸರೂ ಇಲ್ಲ.

ಇದಕ್ಕಿಂತಲೂ ನನ್ನನ್ನು ಅಲುಗಿಸಿದ್ದು ಇನ್ನೊಂದು ಸಂಗತಿ. ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ 13ನೆಯ ಶಾಸನವನ್ನು ಕೆತ್ತಿಸಿಲ್ಲ. 11, 12 ಮತ್ತು 13ನೆಯ ಶಾಸನಗಳನ್ನು ಬಿಟ್ಟು, ಬೇರೆಯೇ ಎರಡು ಶಾಸನಗಳನ್ನು ಅಲ್ಲಿ ಹಾಕಿಸಲಾಗಿದೆ. ಅವುಗಳಲ್ಲಿ ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ದೊರೆ ಹೇಳುತ್ತಾನೆ. ಸೋತ ಊರಿನವರ ಮುಂದೆ ತನ್ನ ಪಶ್ಚಾತ್ತಾಪವನ್ನು ಹೇಳದೆ ವಾತ್ಸಲ್ಯವನ್ನು ಮಾತ್ರ ಹೇಳಿದ. ರಾಜ್ಯ ನಡೆಸುವ ಜಾಣ್ಮೆ ಅದು ಎಂದು ಕೆಲವರು ಹೇಳಬಹುದು. ತನ್ನವರನ್ನು ಕಳೆದುಕೊಂಡ ಒಬ್ಬ ಮಗಳು ಆ ಬಂಡೆಯ ಮುಂದೆ ನಿಂತು, ಯಾರೋ ಓದಿ ಹೇಳಿದ್ದನ್ನು ಕೇಳಿಸಿಕೊಂಡಿದ್ದರೆ ಅವಳಿಗೆ ಏನನ್ನಿಸುತ್ತಿತ್ತು? ಈ ಪ್ರಶ್ನೆಗೆ ಶಾಸನ ಉತ್ತರ ಕೊಡುವುದಿಲ್ಲ. ಅವಳನ್ನು ಊಹಿಸಿಕೊಳ್ಳಲು ನನಗೆ ಕಲಿಸಿದ್ದು ಕಥೆಗಳ ಓದು. ಅಂದಿನಿಂದ ‘ನಮ್ಮವರು’ ಎನ್ನುವ ಮುನ್ನ ಯಾರನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದೇನೆ, ಯಾರನ್ನು ಹೊರಗೆ ನಿಲ್ಲಿಸುತ್ತಿದ್ದೇನೆ ಎಂದು ಯೋಚಿಸುತ್ತೇನೆ.



ಇನ್ನು ಹುಟ್ಟು, ಕುಲ, ಭಾಷೆಗಳ ಮಾತು. ನಿಮ್ಮ ಗೊಂದಲದ ಬೇರು ಇಲ್ಲಿಯೇ ಇರಬಹುದು ಎಂದು ನನ್ನ ಊಹೆ. ನನಗೆ ಇಲ್ಲಿ ಬೆಳಕು ತೋರಿಸಿದವನು ಪಂಪ. ಅವನ ಪೂರ್ವಜರು ವೈದಿಕ ಬ್ರಾಹ್ಮಣರು, ತಂದೆ ಜೈನಧರ್ಮವನ್ನು ಸ್ವೀಕರಿಸಿದವರು. ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿದೆ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ನಾವು ಆದಿಕವಿ ಎಂದು ಹೆಮ್ಮೆಪಡುವವನ ಮನೆಯ ಕಥೆಯೇ ಎರಡು ಧರ್ಮ, ಮೂರು ಭಾಷೆಗಳನ್ನು ಹಾದು ಬಂದಿದೆ. ಇದನ್ನು ತಿಳಿದ ಮೇಲೆ ಅಚ್ಚ, ಶುದ್ಧ ಎಂಬ ಹೆಮ್ಮೆಯ ಮಾತುಗಳ ಮೇಲೆ ನನಗೆ ನಂಬಿಕೆ ಉಳಿಯಲಿಲ್ಲ. ಕನ್ನಡದ ಮೇಲಿನ ಪ್ರೀತಿ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಅದೇ ಪಂಪ 941ರ ಸುಮಾರಿನಲ್ಲಿ ಮಹಾಭಾರತದ ಕಥೆಯನ್ನು ‘ವಿಕ್ರಮಾರ್ಜುನ ವಿಜಯ’ ಎಂಬ ಕಾವ್ಯವಾಗಿ ಬರೆದ. ತನಗೆ ಆಶ್ರಯ ಕೊಟ್ಟ ದೊರೆ ಅರಿಕೇಸರಿಯನ್ನೇ ಅರ್ಜುನನಾಗಿ ಕಂಡು ಬರೆದ ಕಾವ್ಯ ಅದು. ಆದರೂ ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಬರೆಯಲು ಅವನು ಹಿಂಜರಿಯಲಿಲ್ಲ. ಆಶ್ರಯದಾತನ ಎದುರಾಳಿಯನ್ನು ಹಾಗೆ ಎತ್ತಿಹಿಡಿಯಲು ಎಂಥ ಎದೆಗಾರಿಕೆ ಬೇಕು!

ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನ ಬಳಿ ಬಂದು ಹುಟ್ಟಿನ ಗುಟ್ಟನ್ನು ಹೇಳುತ್ತಾನೆ. ನೀನು ಕುಂತಿಯ ಹಿರಿಯ ಮಗ, ಪಾಂಡವರಿಗೆ ಅಣ್ಣ. ಜೀವನವಿಡೀ ಕುಲದ ಹೆಸರಿನಲ್ಲಿ ಅವಮಾನ ಉಂಡವನಿಗೆ ಇಷ್ಟು ದೊಡ್ಡ ಸತ್ಯ ಸಿಕ್ಕಿದರೂ ಅವನು ಪಕ್ಷ ಬದಲಿಸುವುದಿಲ್ಲ. ಯಾರೂ ತನ್ನವನೆಂದು ಒಪ್ಪದಿದ್ದಾಗ ಒಪ್ಪಿದವನು ದುರ್ಯೋಧನ, ಅವನನ್ನು ಬಿಡಲಾರೆ ಎನ್ನುತ್ತಾನೆ. ನಾನು ಎಲ್ಲಿಂದ ಬಂದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ನಾನು ಯಾರಾಗಿ ನಿಲ್ಲಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂದು ನನಗೆ ಹೊಳೆದದ್ದು ಈ ಭಾಗವನ್ನು ಓದುವಾಗ.

ನನ್ನ ಗೆಳತಿ ಇದನ್ನು ಒಪ್ಪುವುದಿಲ್ಲ. ಕರ್ಣ ಆರಿಸಿಕೊಂಡದ್ದು ಅನ್ಯಾಯದ ಪಕ್ಷವನ್ನು, ಋಣಕ್ಕೆ ಕಟ್ಟುಬಿದ್ದು ತಪ್ಪಿನ ಜೊತೆ ನಿಂತದ್ದನ್ನು ಹೊಗಳುವುದು ಹೇಗೆ ಎಂದು ಕೇಳುತ್ತಾಳೆ. ಅವಳ ಮಾತಿನಲ್ಲಿ ಬಲವಿದೆ. ನನ್ನ ಆಯ್ಕೆ ನನ್ನದೇ ಆಗಿದ್ದ ಮಾತ್ರಕ್ಕೆ ಅದು ಸರಿಯಾಗಿಬಿಡುವುದಿಲ್ಲ. ಆದರೂ ನಾನು ಕರ್ಣನನ್ನು ಬಿಟ್ಟುಕೊಡಲಾರೆ. ಸಿಂಹಾಸನ ಕೈಗೆಟುಕುವಾಗಲೂ ಸ್ನೇಹವನ್ನು ಮಾರದವನ ಮೇಲೆ ನನಗೆ ಗೌರವವಿದೆ.

ಹಾಗಾಗಿ ನನಗೆ ಎರಡೂ ಓದು ಬೇಕು. ಇತಿಹಾಸ ಗೊತ್ತಿದ್ದರೆ ನನ್ನ ಮೂಲದ ಬಗ್ಗೆ ಯಾರೂ ನನಗೆ ಕಟ್ಟುಕಥೆ ಹೇಳಿ ನಂಬಿಸಲಾರರು. ಸಾಹಿತ್ಯ ಗೊತ್ತಿದ್ದರೆ ಆ ಮೂಲವೇ ನನ್ನ ಪೂರ್ತಿ ಪರಿಚಯವೆಂದು ನಾನು ಒಪ್ಪಿಕೊಳ್ಳಲಾರೆ. ನಿಮ್ಮಲ್ಲಿ ಕರಗುತ್ತಿರುವ ಖಚಿತತೆ ಬೇರೆಯವರು ನಿಮಗೆ ಕೊಟ್ಟದ್ದೇ, ನೀವೇ ಯೋಚಿಸಿ ಪಡೆದದ್ದೇ ಎಂದು ಒಮ್ಮೆ ಕೇಳಿಕೊಳ್ಳಿ. ನನ್ನಲ್ಲಿ ಕರಗಿದ್ದು ಬಹುಮಟ್ಟಿಗೆ ಮೊದಲನೆಯದು.

ಹಳಗನ್ನಡ ಕಷ್ಟವೆನಿಸಿದರೆ ಪಂಪನ ಕಾವ್ಯಕ್ಕೆ ಗದ್ಯಾನುವಾದಗಳಿವೆ, ಮೊದಲು ಅವುಗಳನ್ನು ಓದಿ. ಆಮೇಲೆ ಕೃಷ್ಣ ಕರ್ಣರ ಮಾತುಕತೆಯ ಪದ್ಯಗಳನ್ನಾದರೂ ಮೂಲದಲ್ಲಿ ಗಟ್ಟಿಯಾಗಿ ಓದಿ. ನಿಮ್ಮ ಕನ್ನಡ ಮೇಷ್ಟರೋ ಟೀಚರೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಓದಿದ ಮೇಲೆ ನೀವು ನನ್ನ ಪಕ್ಷವೋ, ನನ್ನ ಗೆಳತಿಯ ಪಕ್ಷವೋ ಎಂದು ಇಲ್ಲಿಯೇ ಬರೆಯಿರಿ. ಅವಳಿಗೂ ತೋರಿಸುತ್ತೇನೆ.