ಓದುಗರ ಪ್ರಶ್ನೆ: ಫೋಟೊ ತೆಗೆದಾದ ಮೇಲೆ ಮತ್ತೆ ಯಾರು ಹೋಗುತ್ತಾರೆ?

ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆ. ಬಂದ ಪತ್ರಗಳಲ್ಲಿ ದೂರುಗಳೇ ಜಾಸ್ತಿ. ಇರಲಿ, ನಾನೂ ಬಹಳ ಕಾಲ ಇಂಥದ್ದೊಂದು ಕ್ಲಬ್‌ಗೆ ಕಾರ್ಯದರ್ಶಿಯಾಗಿದ್ದವಳು. ದೂರು ಕೇಳುವುದು ರೂಢಿಯಾಗಿದೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಗೆಳತಿಯ ಒತ್ತಾಯಕ್ಕೆ ಒಂದು ಕ್ಲಬ್‌ನ ವಾರದ ಸಭೆಗೆ ಅತಿಥಿಯಾಗಿ ಹೋಗುತ್ತಿದ್ದೇನೆ. ಗಂಟೆ ಹೊಡೆಯುತ್ತಾರೆ, ಹಿಂದಿನ ಸಭೆಯ ವರದಿ ಓದುತ್ತಾರೆ, ಹುಟ್ಟುಹಬ್ಬದವರಿಗೆ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಯಾರದೋ ಭಾಷಣ, ವಂದನಾರ್ಪಣೆ, ಮತ್ತೆ ಗಂಟೆ. ಇದರಲ್ಲಿ ಸೇವೆ ಎಲ್ಲಿದೆ? ನಾನು ಸದಸ್ಯೆಯಾಗಲೋ ಬೇಡವೋ?

ಉತ್ತರ: ಸಭೆಯಲ್ಲಿ ಸೇವೆ ಕಾಣುವುದಿಲ್ಲ, ನೀವು ಹೇಳುವುದು ನಿಜ. ಅಲ್ಲಿ ಕಾಣಬೇಕಾದ್ದು ಪರಿಚಯ.

1905ರ ಫೆಬ್ರವರಿ 23ರಂದು ಶಿಕಾಗೊದ ಒಂದು ಕಚೇರಿಯಲ್ಲಿ ನಾಲ್ವರು ಸೇರಿ ರೋಟರಿಯನ್ನು ಶುರು ಮಾಡಿದರು. ಪಾಲ್ ಹ್ಯಾರಿಸ್ ವಕೀಲ. ಉಳಿದವರಲ್ಲಿ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಇನ್ನೊಬ್ಬ ದರ್ಜಿ ವ್ಯಾಪಾರದವನು. ಸಮಾಜಸೇವೆ ಆಗ ಅವರ ತಲೆಯಲ್ಲೇ ಇರಲಿಲ್ಲ. ದೊಡ್ಡ ಊರಿನಲ್ಲಿ ನಂಬಬಹುದಾದ ನಾಲ್ಕು ಜನ ಬೇಕಿತ್ತು, ವ್ಯಾಪಾರಕ್ಕೂ ಅನುಕೂಲವಾದರೆ ಒಳ್ಳೆಯದೇ ಅನ್ನುವ ಲೆಕ್ಕ. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. 1907ರಲ್ಲಿ ಅದೇ ಗುಂಪು ನಗರಕ್ಕೆ ಸಾರ್ವಜನಿಕ ಶೌಚಾಲಯ ಬೇಕು ಅಂತ ಪಟ್ಟು ಹಿಡಿಯಿತು. ಅವರು ಕೈಹಾಕಿದ ಮೊದಲ ದೊಡ್ಡ ಊರ ಕೆಲಸ ಅದು. ಬಾರಿನವರೂ ದೊಡ್ಡ ಅಂಗಡಿಯವರೂ ವಿರೋಧಿಸಿದರು. ಅವರ ಒಳಗಿನ ಶೌಚಾಲಯಕ್ಕೆ ಬಂದವರೇ ಗಿರಾಕಿಗಳಾಗುತ್ತಿದ್ದರಲ್ಲ! ಅಪರಿಚಿತರ ಗುಂಪಾಗಿದ್ದರೆ ಮೊದಲ ವಿರೋಧಕ್ಕೇ ಚದುರಿಹೋಗುತ್ತಿತ್ತು. ಒಬ್ಬರನ್ನೊಬ್ಬರು ಬಲ್ಲವರಾದ್ದರಿಂದ ನಿಂತರು.

ಹಾಗಂತ ಬರೀ ಗಂಟೆ ಹೊಡೆಯುವ ಕ್ಲಬ್‌ಗಳು ಇಲ್ಲ ಅನ್ನುವುದಿಲ್ಲ, ಬೇಕಾದಷ್ಟಿವೆ. ಸದಸ್ಯೆಯಾಗುವ ಮೊದಲು ಅಧ್ಯಕ್ಷರನ್ನು ಒಂದೇ ಪ್ರಶ್ನೆ ಕೇಳಿ: "ಹೋದ ವರ್ಷ ಮಾಡಿದ ಕೆಲಸ ಈಗ ಹೇಗಿದೆ?" ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ನಡೆಯುತ್ತಿದೆಯಾ? ನೆಟ್ಟ ಗಿಡಗಳಿಗೆ ಬೇಸಿಗೆಯಲ್ಲಿ ನೀರು ಹಾಕಿದವರು ಯಾರು? ಉತ್ತರ ತಕ್ಷಣ ಬಂದರೆ ಫಾರಂ ತುಂಬಿ. ಆಲ್ಬಂ ತೆಗೆದು ತೋರಿಸಿದರೆ ಇನ್ನೂ ಸ್ವಲ್ಪ ದಿನ ಅತಿಥಿಯಾಗಿಯೇ ಇರಿ.

ಪ್ರಶ್ನೆ: ತಡವಾಗಿ ಹೋದರೆ ಫೈನ್, ಬ್ಯಾಡ್ಜ್ ಮರೆತರೆ ಫೈನ್. ಹೋದ ವಾರ ಹೊಸ ಬೂಟು ಹಾಕಿಕೊಂಡು ಹೋಗಿದ್ದಕ್ಕೂ ಫೈನ್! ಇದೇನು ಕ್ಲಬ್ಬೋ ಟ್ರಾಫಿಕ್ ಪೊಲೀಸೋ?

ಉತ್ತರ: ನಗಿಸೋಕೆ ಅಂತಲೇ ಇರುವ ಪದ್ಧತಿ ಅದು, ನಕ್ಕು ಕೊಟ್ಟುಬಿಡಿ. ಲಯನ್ಸ್ ಕ್ಲಬ್‌ಗಳಲ್ಲಿ ಇದಕ್ಕೆ ಅಂತಲೇ 'ಟೇಲ್ ಟ್ವಿಸ್ಟರ್' ಅನ್ನುವ ಹುದ್ದೆ ಇದೆ. ಫೈನ್ ಎಷ್ಟಿರಬೇಕು ಅನ್ನುವುದನ್ನು ಕ್ಲಬ್‌ನ ಬೋರ್ಡ್ ನಿರ್ಧರಿಸುತ್ತದೆ. ಒಂದೇ ಸಭೆಯಲ್ಲಿ ಒಬ್ಬರಿಗೆ ಎರಡು ಸಲಕ್ಕಿಂತ ಜಾಸ್ತಿ ಹಾಕುವಂತಿಲ್ಲ ಅಂತಲೂ ನಿಯಮವಿದೆ. ಇನ್ನೊಂದು ಸ್ವಾರಸ್ಯ ಕೇಳಿ. ಟೇಲ್ ಟ್ವಿಸ್ಟರ್‌ಗೇ ಫೈನ್ ಹಾಕಬೇಕಾದರೆ ಹಾಜರಿದ್ದವರೆಲ್ಲ ಒಮ್ಮತದಿಂದ ಒಪ್ಪಬೇಕು. ನಿಮ್ಮದು ಲಯನ್ಸ್ ಕ್ಲಬ್ ಆಗಿದ್ದರೆ ಒಂದು ದಿನ ಎಲ್ಲರನ್ನೂ ಸೇರಿಸಿಕೊಂಡು ಪ್ರಯತ್ನ ಮಾಡಿ. ಆದರೆ ಹಣದ ಅಡಚಣೆಯಲ್ಲಿರುವ ಸದಸ್ಯರಿಗೆ ಈ ತಮಾಷೆ ಚುಚ್ಚುತ್ತದೆ. ಅದನ್ನು ಗಮನಿಸದವರು ಆ ಹುದ್ದೆಗೆ ತಕ್ಕವರಲ್ಲ.

ಪ್ರಶ್ನೆ: ವಾರಕ್ಕೊಂದು ಸಭೆ ಅಂದರೆ ಯಾರೂ ಬರುತ್ತಿಲ್ಲ. ತಿಂಗಳಿಗೆ ಎರಡು ಸಾಕು ಅಂತ ನಮ್ಮ ರೋಟರಿ ಅಧ್ಯಕ್ಷರು, ಸಂಪ್ರದಾಯ ಬಿಡಬಾರದು ಅಂತ ಹಿರಿಯರು. ನಿಮ್ಮ ಅಭಿಪ್ರಾಯ?

ಉತ್ತರ: ನಿಯಮ ಅಧ್ಯಕ್ಷರ ಪರವಾಗಿದೆ. 2016ರಲ್ಲಿ ರೋಟರಿಯೇ ಸಡಿಲ ಮಾಡಿತು, ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆದರೆ ಸಾಕು. ಮೊದಲೆಲ್ಲ ಬಹಳ ಬಿಗಿ ಇತ್ತು. ಕಾರಣ ಕೊಡದೆ ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ನಮ್ಮ ಕ್ಲಬ್‌ನ ಸಭೆ ತಪ್ಪಿದರೆ ಬೇರೆ ಕ್ಲಬ್‌ನಲ್ಲಿ ಕೂತು 'ಮೇಕಪ್' ಮಾಡಿಕೊಂಡು, ಚೀಟಿ ತಂದು ಕಾರ್ಯದರ್ಶಿಗೆ ಕೊಡಬೇಕಿತ್ತು. ಆ ಚೀಟಿಗಳನ್ನು ಜೋಡಿಸಿಡುವ ಕೆಲಸ ನನಗೆ ಸಾಕುಸಾಕಾಗಿತ್ತು.

ಆದರೂ ನನ್ನ ಮನಸ್ಸು ಹಿರಿಯರ ಕಡೆಗೇ ಸ್ವಲ್ಪ ವಾಲುತ್ತದೆ. ತಿಂಗಳಿಗೆ ಎರಡೇ ಸಭೆ ಇದ್ದು, ಅದರಲ್ಲಿ ಒಂದು ತಪ್ಪಿದರೆ ಮುಂದಿನ ಭೇಟಿ ತಿಂಗಳ ಮೇಲಾಯಿತು. ಅಷ್ಟರಲ್ಲಿ ಒಪ್ಪಿಕೊಂಡ ಕೆಲಸ ಮರೆತುಹೋಗಿರುತ್ತದೆ. ಹೀಗೆ ಮಾಡಬಹುದು: ಎರಡು ವಾರ ಸಭೆ ಇರಲಿ, ಉಳಿದ ವಾರಗಳಲ್ಲಿ ಅದೇ ದಿನ, ಅದೇ ಹೊತ್ತಿಗೆ ಕೆಲಸದ ಜಾಗದಲ್ಲಿ ಸೇರಿ. ವೃದ್ಧಾಶ್ರಮದಲ್ಲೋ, ಶಾಲೆಯಲ್ಲೋ, ಎಲ್ಲಾದರೂ ಆಗಬಹುದು. ಭಾಷಣ ಇಲ್ಲ ಅಂದರೆ ಬರುವವರ ಸಂಖ್ಯೆ ಹೆಚ್ಚಾಗುವ ಸಂಭವವೂ ಇದೆ.

ಪ್ರಶ್ನೆ: ಕ್ಲಬ್‌ನ ಹುಟ್ಟುಹಬ್ಬಕ್ಕೆ ಪ್ರತಿವರ್ಷ ಭಾರಿ ರಕ್ತದಾನ ಶಿಬಿರ ಮಾಡುತ್ತೇವೆ. ಹೋದ ವರ್ಷದ ದಾಖಲೆ ಮುರಿಯಬೇಕು ಅನ್ನುವ ಹುಮ್ಮಸ್ಸು ನಮಗೆ. ಈ ಸಲ ರಕ್ತನಿಧಿಯವರು "ಇಷ್ಟು ಜನ ಬೇಡ, ಅರ್ಧ ಸಾಕು" ಅಂದುಬಿಟ್ಟರು. ಸದಸ್ಯರಿಗೆಲ್ಲ ಅವಮಾನವಾದಂತಾಗಿದೆ. ದಾನ ಕೊಡುತ್ತೇವೆ ಅಂದರೂ ಬೇಡ ಅನ್ನುವುದು ಸರಿಯಾ?

ಉತ್ತರ: ಸರಿ. ಅವರು ಹಾಗೆ ಅಂದಿದ್ದಕ್ಕೆ ನಾನಾದರೆ ಥ್ಯಾಂಕ್ಸ್ ಹೇಳುತ್ತಿದ್ದೆ.

ರಕ್ತವನ್ನು ವರ್ಷವಿಡೀ ಕೂಡಿಡಲು ಬರುವುದಿಲ್ಲ. ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿ ಇಟ್ಟರೂ ಸುಮಾರು 42 ದಿನ, ಅಷ್ಟೇ. ಪ್ಲೇಟ್‌ಲೆಟ್‌ಗಳನ್ನು ಫ್ರಿಜ್‌ನಲ್ಲಿ ಇಡುವುದಿಲ್ಲ, ಕೋಣೆಯ ತಾಪಮಾನದಲ್ಲಿ ಅಲುಗಾಡಿಸುತ್ತಾ ಇಡಬೇಕು. ಸಾಮಾನ್ಯವಾಗಿ 5 ದಿನಕ್ಕೆ ಅವಧಿ ಮುಗಿಯುತ್ತದೆ. ಪ್ಲಾಸ್ಮಾ ಮಾತ್ರ ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಇಡಬಹುದು. ಈಗ ಲೆಕ್ಕ ಹಾಕಿ. ಒಂದೇ ದಿನ ಊರಿನವರೆಲ್ಲ ಕೊಟ್ಟರು ಅಂದುಕೊಳ್ಳಿ. ಅಷ್ಟನ್ನೂ ಪರೀಕ್ಷೆ ಮಾಡಿ, ಬೇರ್ಪಡಿಸಿ, ಅವಧಿಯೊಳಗೆ ರೋಗಿಗಳಿಗೆ ಕೊಡಬೇಕು. ಉಳಿದಿದ್ದು ಚೆಲ್ಲುವ ಪಾಲು. ಇತ್ತ ಕೊಟ್ಟವರು ಮತ್ತೆ ಕೊಡಲು ಕೆಲವು ತಿಂಗಳು ಕಾಯಬೇಕು. ಎರಡು ತಿಂಗಳ ನಂತರ ಯಾರಿಗೋ ತುರ್ತಾಗಿ ಬೇಕಾದಾಗ, ಚೀಲಗಳೂ ಖಾಲಿ, ದಾನಿಗಳೂ ಇನ್ನೂ ಕಾಯುವ ಅವಧಿಯಲ್ಲಿ.

ಹಾಗಾಗಿ ದಿನಾಂಕವನ್ನು ಕ್ಲಬ್ ಆರಿಸಬಾರದು. ರಕ್ತನಿಧಿಯವರನ್ನೇ ಕೇಳಿ: ನಿಮಗೆ ಕೊರತೆ ಬೀಳುವುದು ಯಾವಾಗ? ಪರೀಕ್ಷೆಯ ತಿಂಗಳು ಅನ್ನಬಹುದು, ರಜೆಯ ದಿನಗಳು ಅನ್ನಬಹುದು. ಕಾಲೇಜು ಮಕ್ಕಳು ಸಿಗುವುದಿಲ್ಲವಲ್ಲ. ಆಗ ಮಾಡಿ, ಸಣ್ಣದಾಗಿ ಮಾಡಿ, ವರ್ಷದಲ್ಲಿ ಹಂಚಿ ಮಾಡಿ. ಉಳಿದ ದಿನಗಳಿಗೆ ದಾನಿಗಳ ಪಟ್ಟಿ ಇಟ್ಟುಕೊಳ್ಳಿ: ಗುಂಪು, ಫೋನ್ ನಂಬರ್, ಕೊನೆಯ ಸಲ ಕೊಟ್ಟ ದಿನಾಂಕ. ಓ ನೆಗೆಟಿವ್‌ನವರ ಹೆಸರು ಬೇರೆ ಹಾಳೆಯಲ್ಲಿ ಇರಲಿ. ಗುಂಪು ಯಾವುದೆಂದು ತಿಳಿಯುವ ಮುಂಚೆಯೇ ತುರ್ತಾಗಿ ಕೊಡಬೇಕಾದಾಗ ಕೈಹಾಕುವುದು ಆ ರಕ್ತಕಣಗಳಿಗೇ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಪ್ರತಿ ಶಿಬಿರದಲ್ಲೂ ಕೆಲವರನ್ನು ವಾಪಸ್ ಕಳಿಸುತ್ತಾರೆ, ಹಿಮೋಗ್ಲೋಬಿನ್ ಕಡಿಮೆ, ಬಿಪಿ ಜಾಸ್ತಿ ಅಂತ. ಅವರು ಮುಖ ಸಣ್ಣದು ಮಾಡಿಕೊಂಡು ಹಿಂದಿನ ಬಾಗಿಲಿಂದ ಹೊರಟುಬಿಡುತ್ತಾರೆ. ನಾವೋ, ರಕ್ತ ಕೊಟ್ಟವರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿರುತ್ತೇವೆ. ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿ, ಮಾತು ಬಲ್ಲ ಒಬ್ಬ ಸದಸ್ಯರನ್ನು ಕೂರಿಸಿ. "ವೈದ್ಯರಿಗೆ ತೋರಿಸಿ, ಮುಂದಿನ ಶಿಬಿರಕ್ಕೆ ನಾನೇ ಫೋನ್ ಮಾಡುತ್ತೇನೆ" ಅಂತ ಹೇಳಲಿ, ಹೇಳಿದ ಮೇಲೆ ಫೋನ್ ಮಾಡಲಿ. ರಕ್ತಹೀನತೆ ಇದೆ ಅನ್ನುವುದು ಎಷ್ಟೋ ಹೆಂಗಸರಿಗೆ ಮೊದಲು ಗೊತ್ತಾಗುವುದೇ ಇಂಥ ಶಿಬಿರದಲ್ಲಿ.

ಪ್ರಶ್ನೆ: ನನ್ನ ಗಂಡ ಮನೆಯಲ್ಲಿ ಒಂದು ಲೋಟ ಎತ್ತಿಡುವುದಿಲ್ಲ. ಕ್ಲಬ್‌ನಲ್ಲಿ ಮಾತ್ರ ಕುರ್ಚಿ ಜೋಡಿಸುತ್ತಾರಂತೆ, ಕಸ ಗುಡಿಸುತ್ತಾರಂತೆ!

ಉತ್ತರ: ಮನೆಯಲ್ಲಿ ಒಂದು ಗಂಟೆ ತಂದಿಡಿ. ಊಟವಾದ ಮೇಲೆ ಒಂದು ಸಲ ಹೊಡೆಯಿರಿ. ವರದಿಯಲ್ಲಿ ಅವರ ಹೆಸರನ್ನೂ ಓದಿ.

ಪ್ರಶ್ನೆ: ಸದಸ್ಯೆಯಾಗಿ ವರ್ಷವಾಯಿತು. ಏನು ಕೆಲಸ ಕೇಳಿದರೂ "ನೀವು ಸ್ವಾಗತ, ಅಲಂಕಾರ ನೋಡಿಕೊಳ್ಳಿ ಮೇಡಂ" ಅನ್ನುತ್ತಾರೆ. ಹೆಂಗಸರು ನಾವು ನಾಲ್ವರಿದ್ದೇವೆ, ನಾಲ್ವರದ್ದೂ ಇದೇ ಕಥೆ.

ಉತ್ತರ: ಹೂದಾನಿ ಇಡಲು ಸದಸ್ಯತ್ವ ಶುಲ್ಕ ಕಟ್ಟಬೇಕಿತ್ತಾ, ಅಲ್ವಾ? ಅಮೆರಿಕದ ಡುವಾರ್ಟೆ ರೋಟರಿ ಕ್ಲಬ್ 1977ರಲ್ಲಿ ಮೂವರು ಹೆಂಗಸರನ್ನು ಸೇರಿಸಿಕೊಂಡಿತು. ಅದಕ್ಕಾಗಿ ರೋಟರಿಯ ಅಂತರರಾಷ್ಟ್ರೀಯ ಸಂಸ್ಥೆ ಕ್ಲಬ್‌ನ ಮಾನ್ಯತೆಯನ್ನೇ ರದ್ದು ಮಾಡಿತು. ಕ್ಲಬ್‌ನವರು ಬಿಡಲಿಲ್ಲ, 'ಎಕ್ಸ್ ರೋಟರಿ ಕ್ಲಬ್' ಅಂತ ಹೆಸರಿಟ್ಟುಕೊಂಡು ಸಭೆ ನಡೆಸುತ್ತಲೇ ಇದ್ದರು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1987ರ ಮೇ ತಿಂಗಳಲ್ಲಿ ಅವರ ಪರ ತೀರ್ಪು ಬಂತು. ಲಯನ್ಸ್ ಕೂಡ ಅದೇ ವರ್ಷ ಬಾಗಿಲು ತೆರೆಯಿತು. ಐಸ್‌ಲ್ಯಾಂಡಿನ ಗುಡ್ರುನ್ ಇಂಗ್ವಾಡೋಟ್ಟಿರ್ 2018ರಲ್ಲಿ ಲಯನ್ಸ್‌ಗೆ, ಕೆನಡಾದ ಜೆನಿಫರ್ ಜೋನ್ಸ್ 2022ರಲ್ಲಿ ರೋಟರಿಗೆ ಅಂತರರಾಷ್ಟ್ರೀಯ ಅಧ್ಯಕ್ಷರಾದರು. ನಿಮ್ಮ ಕ್ಲಬ್‌ನವರಿಗೆ ಸುದ್ದಿ ಇನ್ನೂ ತಲುಪಿಲ್ಲ ಅಂತ ಕಾಣುತ್ತದೆ.

ಮುಂದಿನ ವರ್ಷಕ್ಕೆ ಖಜಾಂಚಿ ಸ್ಥಾನ ಕೇಳಿ. ಅಧ್ಯಕ್ಷ ಸ್ಥಾನಕ್ಕೆ ಆಮೇಲೆ ಬರೋಣ. ಚೆಕ್‌ಗೆ ಯಾರ ಸಹಿ ಬೇಕೋ ಅವರನ್ನು ಕೇಳದೆ ಯಾರೂ ಏನೂ ತೀರ್ಮಾನ ಮಾಡುವುದಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಕ್ಲಬ್. ಹಣ ಇಲ್ಲ, ದೊಡ್ಡ ಸ್ಪಾನ್ಸರ್ ಇಲ್ಲ. ಪಕ್ಕದ ಕ್ಲಬ್ ಆ್ಯಂಬುಲೆನ್ಸ್ ಕೊಟ್ಟಿದೆ. ನಾವು ಏನು ಮಾಡಿದರೂ ಸಣ್ಣದಾಗಿ ಕಾಣುತ್ತದೆ.

ಉತ್ತರ: ಆ್ಯಂಬುಲೆನ್ಸ್‌ಗೆ ಡ್ರೈವರ್ ಸಂಬಳ, ಡೀಸೆಲ್, ಇನ್ಶೂರೆನ್ಸ್ ಯಾರು ಕಟ್ಟುತ್ತಿದ್ದಾರೆ ಅಂತ ಮೊದಲು ವಿಚಾರಿಸಿ. ಶೆಡ್ಡಿನಲ್ಲಿ ನಿಂತ ಆ್ಯಂಬುಲೆನ್ಸ್‌ಗಳನ್ನು ನಾನು ನೋಡಿದ್ದೇನೆ.

ಕಣ್ಣು ಕಾಣದವರ ಕೈಯಲ್ಲಿ ಬಿಳಿ ಕೋಲು ನೋಡಿದ್ದೀರಲ್ಲ? 1930ರಲ್ಲಿ ಅಮೆರಿಕದ ಪಿಯೋರಿಯಾ ಲಯನ್ಸ್ ಕ್ಲಬ್‌ನ ಅಧ್ಯಕ್ಷ ಜಾರ್ಜ್ ಬಾನ್‌ಹ್ಯಾಮ್, ಕಣ್ಣು ಕಾಣದ ಒಬ್ಬರು ಕಪ್ಪು ಕೋಲು ಹಿಡಿದು ರಸ್ತೆ ದಾಟಲು ಒದ್ದಾಡುವುದನ್ನು ನೋಡಿದರು. ಗಾಡಿಯವರಿಗೆ ಆ ಕೋಲು ಕಾಣುತ್ತಲೇ ಇರಲಿಲ್ಲ. ಬಿಳಿ ಬಣ್ಣ ಬಳಿದು, ಅಗಲವಾದ ಕೆಂಪು ಪಟ್ಟಿ ಹಾಕಿದರೆ ಹೇಗೆ ಅಂತ ಕ್ಲಬ್‌ನಲ್ಲಿ ಮಾತಾಯಿತು. ಅದೇ ವರ್ಷ ನಗರಸಭೆಯಿಂದ ನಿಯಮವೂ ಬಂತು, ಬಿಳಿ ಕೋಲು ಹಿಡಿದವರಿಗೆ ದಾರಿ ಬಿಡಬೇಕು ಅಂತ. ಮುಂದಿನ ವರ್ಷ ಬೇರೆ ಊರುಗಳ ಕ್ಲಬ್‌ಗಳೂ ಇದನ್ನು ಎತ್ತಿಕೊಂಡವು. ಬಣ್ಣದ ಡಬ್ಬಿಗೆ ಎಷ್ಟಾದೀತು? ಖರ್ಚಾಗಿದ್ದು ನಗರಸಭೆಗೆ ಓಡಾಡಿದ ಚಪ್ಪಲಿ.

ಹಣವಿಲ್ಲದ ಕ್ಲಬ್‌ಗೆ ಒಂದು ಅನುಕೂಲ ಇದೆ. ಕೊಟ್ಟು ಬರುವ ಕೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಹೋಗಿ ಬರುವ ಕೆಲಸವನ್ನೇ ಆರಿಸಬೇಕಾಗುತ್ತದೆ. ಪರೀಕ್ಷೆ ಬರೆಯುವ ಅಂಧ ವಿದ್ಯಾರ್ಥಿಗೆ ಪಾಠ ಓದಿ ಹೇಳುವುದು, ಒಂಟಿಯಾಗಿರುವ ಹಿರಿಯರ ಔಷಧಿ ಚೀಟಿ ನೋಡಿಕೊಳ್ಳುವುದು, ಇಂಥವು. ಪೋಲಿಯೊ ಕೆಲಸವೂ ಹೋಗಿ ಬರುವ ಕೆಲಸವೇ. ಅದಕ್ಕೆ ರೋಟರಿ 1985ರಿಂದ ಬಹಳ ಹಣ ಸುರಿದಿದೆ, ನಿಜ. ಆದರೆ ಒಂದು ಸಲ ಹನಿ ಹಾಕಿದರೆ ಸಾಲದು, ಅದೇ ಮನೆಗೆ ಮತ್ತೆ ಮತ್ತೆ ಹೋಗಬೇಕು. 1988ರಲ್ಲಿ 125 ದೇಶಗಳಲ್ಲಿದ್ದ ಕಾಯಿಲೆ ಅದು, ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಬರುತ್ತಿತ್ತು. ಬಾಗಿಲು ಹಾಕಿಕೊಂಡವರ ಮನೆಗೆ ಮಾರನೆಯ ದಿನ ಪುನಃ ಹೋದ ಕಾರ್ಯಕರ್ತರು ಇಲ್ಲದಿದ್ದರೆ ಲಸಿಕೆ ಡಬ್ಬಿಯಲ್ಲೇ ಉಳಿಯುತ್ತಿತ್ತು.

ಪ್ರಶ್ನೆ: ಜುಲೈನಿಂದ ನಾನು ಹೊಸ ಕಾರ್ಯದರ್ಶಿ. ಹಳೆಯ ನಡಾವಳಿ ಪುಸ್ತಕ ನೋಡಿದರೆ ಪುಟಗಟ್ಟಲೆ "ಮಾನ್ಯರು ಅರ್ಥಪೂರ್ಣವಾಗಿ ಮಾತನಾಡಿದರು" ಅಂತ ಇದೆ. ನಾನು ಏನು ಬರೆಯಬೇಕು?

ಉತ್ತರ: ಅದೊಂದು ಸಾಲನ್ನು ಬರೆಯಬೇಡಿ, ಅರ್ಧ ಗೆದ್ದಂತೆ.

ಮೂರೇ ವಿಷಯ ಬರೆಯಿರಿ: ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಯಾವತ್ತಿನೊಳಗೆ. "ಸಮಿತಿ ನೋಡಿಕೊಳ್ಳುತ್ತದೆ" ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ, ಒಬ್ಬರ ಹೆಸರು ಬೇಕು. ಪುಸ್ತಕದ ಕೊನೆಯ ಪುಟಗಳಲ್ಲಿ ಹಳೆಯ ಕೆಲಸಗಳ ಪಟ್ಟಿ ಮಾಡಿ. ತಿಂಗಳಿಗೊಂದು ಸಭೆಯಲ್ಲಿ, ಅತಿಥಿ ಭಾಷಣಕ್ಕೆ ಮುಂಚೆ, ಅದರಲ್ಲಿ ಒಂದನ್ನು ಎತ್ತಿ. ಯಾರಾದರೂ ಹೋಗಿ ನೋಡಿ ಬಂದು ಹೇಳಲಿ. ಭಾಷಣದ ನಂತರ ಇಟ್ಟರೆ ಅಷ್ಟು ಹೊತ್ತಿಗೆ ಎಲ್ಲರೂ ಸ್ಕೂಟರ್ ಕೀ ಕೈಯಲ್ಲಿ ಹಿಡಿದಿರುತ್ತಾರೆ.

ಲೆಕ್ಕದ ಬಗ್ಗೆ ಖಜಾಂಚಿಗೆ ಒಂದು ಮಾತು ತಲುಪಿಸಿ. ಸದಸ್ಯರ ಶುಲ್ಕದ ಹಣ ಬೇರೆ, ಜನರಿಂದ ಎತ್ತಿದ ಹಣ ಬೇರೆ. ಎರಡಕ್ಕೂ ಬೇರೆ ಬೇರೆ ಖಾತೆ ಇರಲಿ. ಸೇವೆಗೆ ಅಂತ ಜನ ಕೊಟ್ಟ ಹಣದಲ್ಲಿ ಪದಗ್ರಹಣದ ಬ್ಯಾನರ್ ಮಾಡಿಸುವುದು ತಪ್ಪು, ಮೊತ್ತ ಎಷ್ಟೇ ಸಣ್ಣದಿರಲಿ.

ಪ್ರಶ್ನೆ: ಅತಿಥಿ ಭಾಷಣದ ವೇಳೆ ನಿದ್ದೆ ಬಂದರೆ ಏನು ಮಾಡಬೇಕು?

ಉತ್ತರ: ಕಂಬದ ಹಿಂದೆ ಕೂರಬೇಕು. ಆ ಜಾಗಕ್ಕೆ ನಮ್ಮಲ್ಲಿ ಮಾಜಿ ಅಧ್ಯಕ್ಷರುಗಳ ನಡುವೆ ಪೈಪೋಟಿ ಇತ್ತು, ಹಾಗಾಗಿ ಸ್ವಲ್ಪ ಬೇಗ ಹೋಗಿ.